ಝಡ್ ಡ್ರೈವ್ ಬಂತು, ದೊಡ್ಡ ಕೋರೆಲ್ ಫೈಲ್ ಮಾತ್ರ ಬರುತ್ತಿಲ್ಲ

ಪ್ರಶ್ನೆ (ಮಂಡಿಪೇಟೆ, ದಾವಣಗೆರೆ): ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಅಂಗಡಿ. ಚಿತ್ರದುರ್ಗದಲ್ಲಿ ಇನ್ನೊಂದು ಕೌಂಟರ್ ಇದೆ. ಫೈಲುಗಳೆಲ್ಲ ಬಾಡಿಗೆ ಸರ್ವರ್‌ನ ನೆಕ್ಸ್ಟ್‌ಕ್ಲೌಡ್‌ನಲ್ಲಿವೆ (ನಮ್ಮದೇ ಸರ್ವರ್‌ನಲ್ಲಿ ಫೈಲ್ ಇಟ್ಟು ಹಂಚಿಕೊಳ್ಳುವ ಸಾಫ್ಟ್‌ವೇರ್). ವಿಂಡೋಸ್‌ನ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ನಿಂದ ಝಡ್ ಡ್ರೈವ್ ಮಾಡಿಕೊಂಡಿದ್ದೇವೆ. ಸಣ್ಣ ಪಿಡಿಎಫ್ ತೆರೆಯುತ್ತದೆ, 80 ಎಂಬಿಯ ಕೋರೆಲ್ ಫೈಲ್ ಕಾಪಿ ಮಾಡಿದರೆ ಗಾತ್ರ ಮಿತಿ ಮೀರಿದೆ ಅನ್ನುತ್ತದೆ. ಸರ್ವರ್‌ನಲ್ಲಿ 200 ಜಿಬಿ ಇದ್ದರೂ ಝಡ್ ಬೇರೆ ಲೆಕ್ಕ ತೋರಿಸುತ್ತಿದೆ. ದುರ್ಗದ ಉಬುಂಟು (ಲಿನಕ್ಸ್) ಲ್ಯಾಪ್‌ಟಾಪ್‌ನಲ್ಲಿ, ಮಾಲೀಕರ ಆಂಡ್ರಾಯ್ಡ್ ಫೋನ್‌ನಲ್ಲಿ ಇದೇ ಡ್ರೈವ್ ಬರುವಂತೆ ಮಾಡಬಹುದಾ?

ಉತ್ತರ: ಸರ್ವರ್‌ನದ್ದೇನೂ ತಪ್ಪಿಲ್ಲ. ಈ ಡ್ರೈವನ್ನು ನಡೆಸುವುದು ವಿಂಡೋಸ್‌ನ ವೆಬ್‌ಕ್ಲೈಂಟ್ ಸರ್ವೀಸ್. ಅದು ಮೊದಲಿನಿಂದಲೂ 5 ಕೋಟಿ ಬೈಟ್, ಅಂದರೆ ವಿಂಡೋಸ್ ಲೆಕ್ಕದಲ್ಲಿ 50 ಎಂಬಿಗೂ ತುಸು ಕಡಿಮೆ, ಅಷ್ಟಕ್ಕೇ ನಿಲ್ಲುತ್ತದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಲೋಕಲ್ ಮೆಷಿನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್, ವೆಬ್‌ಕ್ಲೈಂಟ್, ಪ್ಯಾರಾಮೀಟರ್ಸ್ ವರೆಗೆ ಹೋಗಿ ‘ಫೈಲ್ ಸೈಜ್ ಲಿಮಿಟ್ ಇನ್ ಬೈಟ್ಸ್’ ತೆರೆಯಿರಿ. ಮೊದಲು ಡೆಸಿಮಲ್ ಆರಿಸಿ, ಆಮೇಲೆ 4294967295 ಬರೆಯಿರಿ. ಡೆಸಿಮಲ್ ಆರಿಸದಿದ್ದರೆ ಬೇರೆಯೇ ಸಂಖ್ಯೆ ಕೂರುತ್ತದೆ. ವೆಬ್‌ಕ್ಲೈಂಟ್ ಸರ್ವೀಸನ್ನು ನಿಲ್ಲಿಸಿ ಮತ್ತೆ ಶುರು ಮಾಡಿ. ಈಗ ಮಿತಿ 4 ಜಿಬಿ, ಅದಕ್ಕಿಂತ ಮೇಲೆ ಏರಿಸಲಾಗದು. ಝಡ್ ತೋರಿಸುವ ಲೆಕ್ಕ ನಿಮ್ಮ ಸಿ ಡ್ರೈವ್‌ನದ್ದು, ಅದನ್ನು ನಂಬಬೇಡಿ.

ಇಷ್ಟು ಮಾಡಿದರೆ ಕಾಪಿ ಆಗುತ್ತದೆ. ಆದರೆ ಕೋರೆಲ್ ಫೈಲನ್ನು ಝಡ್‌ನಿಂದಲೇ ತೆರೆದು ದಿನವಿಡೀ ಸೇವ್ ಹೊಡೆಯುವ ಕೆಲಸಕ್ಕೆ ಇದು ಆಗಿಬರುವುದಿಲ್ಲ. ಮೈಕ್ರೋಸಾಫ್ಟ್ ಕೂಡ 2023ರಲ್ಲೇ ವೆಬ್‌ಕ್ಲೈಂಟನ್ನು ಕೈಬಿಡುವ ಪಟ್ಟಿಗೆ ಸೇರಿಸಿದೆ. ಅದರ ಬದಲು ಆರ್‌ಕ್ಲೋನ್ (ದೂರದ ಸರ್ವರ್‌ನ ಫೈಲುಗಳನ್ನು ಡ್ರೈವ್‌ನಂತೆ ತೋರಿಸುವ ಸಾಫ್ಟ್‌ವೇರ್) ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಅದರ ಜೊತೆ ವಿನ್‌ಎಫ್‌ಎಸ್‌ಪಿ (ಡ್ರೈವ್ ಆಗಿ ಕಾಣಿಸಲು ನೆರವಾಗುವ ಸಾಫ್ಟ್‌ವೇರ್) ಬೇಕು. ಸ್ಟೋರೇಜ್ ವಿಧ ವೆಬ್‌ಡ್ಯಾವ್ (ವೆಬ್ ಮೂಲಕ ಫೈಲ್ ಓದಿ ಬರೆಯುವ ವಿಧಾನ), ವೆಂಡರ್ ನೆಕ್ಸ್ಟ್‌ಕ್ಲೌಡ್. ಎರಡು ಹಂತದ ಲಾಗಿನ್ ಇದ್ದರೆ ಮಾಮೂಲಿ ಪಾಸ್‌ವರ್ಡ್ ನಡೆಯದು. ನೆಕ್ಸ್ಟ್‌ಕ್ಲೌಡ್‌ನ ಸೆಕ್ಯುರಿಟಿ ಪುಟದಲ್ಲಿ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಿ, ಪ್ರತಿ ಕಂಪ್ಯೂಟರ್‌ಗೂ ಬೇರೆ ಬೇರೆ. ಲ್ಯಾಪ್‌ಟಾಪ್ ಕಳೆದುಹೋದರೆ ಅದೊಂದನ್ನು ರದ್ದು ಮಾಡಿದರೆ ಮುಗಿಯಿತು.

ಮೌಂಟ್ ಮಾಡುವಾಗ, ಅಂದರೆ ಸರ್ವರನ್ನು ಡ್ರೈವ್ ಆಗಿ ಜೋಡಿಸುವಾಗ, ವಿಎಫ್‌ಎಸ್ ಕ್ಯಾಶ್ ಮೋಡ್ (ಫೈಲಿನ ಪ್ರತಿಯನ್ನು ನಿಮ್ಮ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಆಯ್ಕೆ) ‘ಫುಲ್’ ಇರಲೇಬೇಕು. ಅದು ತಾನಾಗಿ ಆಫ್ ಇರುತ್ತದೆ. ಆಫ್ ಇದ್ದರೆ ಒಂದೇ ಫೈಲನ್ನು ಓದುತ್ತಾ ಬರೆಯಲು ಆಗುವುದಿಲ್ಲ, ಸೇವ್ ಕೈಕೊಡುತ್ತದೆ. ಕ್ಯಾಶ್‌ಗೆ 20 ಜಿಬಿ ಮಿತಿ ಹಾಕಿ, ಇಲ್ಲವಾದರೆ ಸೀಸನ್‌ನಲ್ಲಿ ಸಿ ಡ್ರೈವ್ ತುಂಬಿಬಿಡುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಡಿ. ಹಾಗೆ ಓಡಿಸಿದ ಡ್ರೈವ್ ಸಾಮಾನ್ಯ ಎಕ್ಸ್‌ಪ್ಲೋರರ್‌ನಲ್ಲಿ ಕಾಣಿಸುವುದೇ ಇಲ್ಲ.

ಪ್ರಶ್ನಿಸಿದವರು: ಸೇವ್ ಆದ ಕೂಡಲೇ ದುರ್ಗದಲ್ಲಿ ಕಾಣಬೇಕಲ್ಲವಾ? ನಡುವೆ ಕರೆಂಟ್ ಹೋದರೆ?

ಉತ್ತರ: ಕೂಡಲೇ ಕಾಣುವುದಿಲ್ಲ. ಸೇವ್ ಮೊದಲು ನಿಮ್ಮ ಡಿಸ್ಕ್‌ನ ಕ್ಯಾಶ್‌ಗೆ ಬೀಳುತ್ತದೆ. ಫೈಲ್ ಮುಚ್ಚಿ 5 ಸೆಕೆಂಡ್ ಆದ ಮೇಲೆ ಅಪ್‌ಲೋಡ್ ಶುರು. 300 ಎಂಬಿ ಫೈಲಿಗೆ 20 ಎಂಬಿಪಿಎಸ್ ಅಪ್‌ಲೋಡ್ ಇದ್ದರೂ ಕನಿಷ್ಠ 2 ನಿಮಿಷ ಬೇಕು. ಪ್ಲಾನ್ ನೋಡುವಾಗ ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ವೇಗ ಕೇಳಿ. ಅತ್ತ ದುರ್ಗದ ಆರ್‌ಕ್ಲೋನ್ ಫೋಲ್ಡರ್ ಪಟ್ಟಿಯನ್ನು 5 ನಿಮಿಷ ನೆನಪಿಟ್ಟುಕೊಂಡಿರುತ್ತದೆ. ಅದರ ಡಿರ್ ಕ್ಯಾಶ್ ಟೈಮ್ 30 ಸೆಕೆಂಡಿಗೆ ಇಳಿಸಿ. ಕರೆಂಟ್ ಹೋದರೆ ಅಪ್‌ಲೋಡ್ ಆಗದೆ ಉಳಿದದ್ದು ಕ್ಯಾಶ್‌ನಲ್ಲೇ ಇರುತ್ತದೆ. ಅದೇ ಆಯ್ಕೆಗಳೊಂದಿಗೆ ಮತ್ತೆ ಮೌಂಟ್ ಮಾಡಿದರೆ ಮುಂದೆ ಹೋಗುತ್ತದೆ. ‘ಜಾಗ ಖಾಲಿ ಮಾಡೋಣ’ ಅಂತ ಆ ಫೋಲ್ಡರ್ ಅಳಿಸಿದರೆ ಮಾತ್ರ ಕೆಲಸ ಹೋಯಿತು.

ಇನ್ನೊಬ್ಬರ ಉತ್ತರ (ಚಿತ್ರದುರ್ಗ, ಲಿನಕ್ಸ್ ಸರ್ವೀಸ್): ಉಬುಂಟುವಿನಲ್ಲಿ ಬರೀ ಪ್ರೂಫ್ ನೋಡುವುದಾದರೆ ಏನೂ ಹಾಕಬೇಕಿಲ್ಲ. ಫೈಲ್ಸ್‌ನಲ್ಲಿ ಸರ್ವರ್ ವಿಳಾಸವನ್ನು ‘ಎಚ್‌ಟಿಟಿಪಿಎಸ್’ ಬದಲು ‘ಡಿಎವಿಎಸ್’ನಿಂದ ಶುರು ಮಾಡಿ ಕೊಟ್ಟರೆ ಸಾಕು. ಇಂಕ್‌ಸ್ಕೇಪ್‌ನಲ್ಲಿ ತಿದ್ದುವುದಿದ್ದರೆ ಅಲ್ಲೂ ಆರ್‌ಕ್ಲೋನ್, ಜೊತೆಗೆ ಫ್ಯೂಸ್ 3 (ವಿಂಡೋಸ್‌ನ ವಿನ್‌ಎಫ್‌ಎಸ್‌ಪಿಯ ಕೆಲಸ ಲಿನಕ್ಸ್‌ನಲ್ಲಿ ಮಾಡುವುದು). ಮೌಂಟ್ ಮಾಡುವ ಫೋಲ್ಡರ್ ಖಾಲಿ ಇರಬೇಕು. ಮೌಂಟ್ ಆಗದ ದಿನ ಯಾರಾದರೂ ಅದರೊಳಗೆ ಸೇವ್ ಮಾಡಿದರೆ ಫೈಲ್ ಲ್ಯಾಪ್‌ಟಾಪ್‌ನಲ್ಲೇ ಕೂರುತ್ತದೆ, ಮಾರನೆಯ ದಿನ ಫೋಲ್ಡರ್ ಖಾಲಿ ಇಲ್ಲವೆಂದು ಮೌಂಟ್ ನಿರಾಕರಿಸುತ್ತದೆ.

ಇನ್ನೊಂದು ನಮ್ಮವರಿಗೇ ಬರುವ ತೊಂದರೆ. ಲಿನಕ್ಸ್‌ನಲ್ಲಿ ಫೈಲ್ ಹೆಸರು 255 ಬೈಟ್ ಮೀರುವಂತಿಲ್ಲ, ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಕ್ಷ’ ಬರೆದರೆ 9 ಬೈಟ್ ಹೋಯಿತು. ವಧು, ವರ, ಊರು, ಕಲ್ಯಾಣ ಮಂಟಪ ಎಲ್ಲವನ್ನೂ ಹೆಸರಿಗೇ ತುರುಕಿದರೆ ವಿಂಡೋಸ್ ಒಪ್ಪುತ್ತದೆ, ಲಿನಕ್ಸ್ ಒಪ್ಪುವುದಿಲ್ಲ. ಆರ್ಡರ್ ನಂಬರ್ ಮತ್ತು ಮನೆತನದ ಹೆಸರು ಇಡಿ, ಸಾಕು.

ಫೋನ್‌ನಲ್ಲಿ ಡ್ರೈವ್ ಅಕ್ಷರ ಅಂತ ಏನಿಲ್ಲ. ನೆಕ್ಸ್ಟ್‌ಕ್ಲೌಡ್ ಆ್ಯಪ್ ಹಾಕಿದರೆ ಆಂಡ್ರಾಯ್ಡ್‌ನ ಫೈಲ್ ಆರಿಸುವ ಪರದೆಯಲ್ಲೇ ಅದು ಒಂದು ಜಾಗವಾಗಿ ಕಾಣುತ್ತದೆ. ಐಫೋನ್‌ಗೂ ಅದೇ ಆ್ಯಪ್ ಬೇಕು, ಅದರ ಫೈಲ್ಸ್‌ನ ‘ಕನೆಕ್ಟ್ ಟು ಸರ್ವರ್’ ಎಸ್‌ಎಂಬಿಗೆ (ವಿಂಡೋಸ್ ಫೈಲ್ ಶೇರಿಂಗ್ ವಿಧಾನ) ಮಾತ್ರ.

ಪ್ರಶ್ನಿಸಿದವರು: ಅಂಗಡಿಯಲ್ಲಿ ಇಬ್ಬರು ಡಿಸೈನರ್. ಒಂದೇ ಫೈಲ್ ಇಬ್ಬರೂ ತೆರೆದರೆ?

ಉತ್ತರ: ಆರ್‌ಕ್ಲೋನ್ ಬೀಗ ಹಾಕುವುದಿಲ್ಲ, ಕೊನೆಗೆ ಸೇವ್ ಮಾಡಿದವರದ್ದೇ ಉಳಿಯುತ್ತದೆ. ಡಿಸೈನರ್‌ಗೊಂದು ಫೋಲ್ಡರ್ ಮಾಡಿ, ಕೆಲಸ ಕೈ ಬದಲಾಗುವಾಗ ಫೈಲನ್ನು ಇನ್ನೊಬ್ಬರ ಫೋಲ್ಡರ್‌ಗೆ ಸರಿಸಿ. ಅಕಸ್ಮಾತ್ ಮೇಲೆ ಬರೆದುಹೋದರೆ ಬ್ರೌಸರ್‌ನಲ್ಲಿ ನೆಕ್ಸ್ಟ್‌ಕ್ಲೌಡ್ ತೆರೆದು ಆ ಫೈಲಿನ ವಿವರದಲ್ಲಿ ವರ್ಷನ್ಸ್ ನೋಡಿ. ಹಳೆಯವು ಕಾಲ ಕಳೆದಂತೆ ತಾವಾಗಿ ಅಳಿಯುತ್ತವೆ, ತಡ ಮಾಡಬೇಡಿ.