ಕೇಳದ ಸಾಲದ ಸಂದೇಶ, ತಾನಾಗಿ ಬರುವ ಒಟಿಪಿ: ಮೊದಲು ಏನು ಮಾಡಬೇಕು?

ಪ್ರಶ್ನೆ: ಬಾಡಿಗೆ ಮನೆ ಹುಡುಕುವಾಗ ಮಧ್ಯವರ್ತಿಯೊಬ್ಬರಿಗೆ ನನ್ನ ಗುರುತಿನ ಚೀಟಿಯ ಫೋಟೊ ಕಳುಹಿಸಿದ್ದೆ. ಈಗ ನಾನು ಅರ್ಜಿಯನ್ನೇ ಹಾಕದ ಸಾಲದ ಬಗ್ಗೆ ಸಂದೇಶಗಳು ಬರುತ್ತಿವೆ. ಇಮೇಲ್ ಖಾತೆಯ ಒಟಿಪಿಯೂ ತಾನಾಗಿ ಬಂದಿದೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕೇ?

ಉತ್ತರ (ಸೈಬರ್ ಭದ್ರತಾ ಸಲಹೆಗಾರರು): ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೊರಡಬೇಡಿ, ಇಮೇಲ್‌ನಿಂದ ಆರಂಭಿಸಿ. ಬೇರೆ ಯಾವುದೇ ಖಾತೆಯ ಪಾಸ್‌ವರ್ಡ್ ಮರೆತರೂ ಹೊಸದನ್ನು ಹೊಂದಿಸುವ ಲಿಂಕ್ ಸಾಮಾನ್ಯವಾಗಿ ಇಮೇಲ್‌ಗೇ ಬರುವುದರಿಂದ, ಅದೊಂದು ಪರರ ವಶವಾದರೆ ಉಳಿದ ಖಾತೆಗಳಿಗೆ ನೀವು ಎಷ್ಟು ಕಠಿಣವಾದ ಪಾಸ್‌ವರ್ಡ್ ಇಟ್ಟಿದ್ದರೂ ಅದು ನಿಮ್ಮನ್ನು ಕಾಯಲಾರದು. ಬೇರೆಲ್ಲೂ ಬಳಸದ, ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿ. ಅಷ್ಟಕ್ಕೇ ನಿಲ್ಲಿಸದೆ ಸೆಟ್ಟಿಂಗ್ಸ್ ತೆರೆದು, ಯಾವ ಯಾವ ಸಾಧನಗಳಲ್ಲಿ ಖಾತೆ ಲಾಗಿನ್ ಆಗಿದೆ, ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ಸಂಖ್ಯೆ ನಿಮ್ಮದೇ ಹೌದೇ, ನಿಮ್ಮ ಪತ್ರಗಳು ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿವೆಯೇ ಎಂಬುದನ್ನು ನೋಡಿ. ಈ ಕೊನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಪಾಸ್‌ವರ್ಡ್ ಬದಲಾದ ಮೇಲೂ ಕಳ್ಳರಿಗೆ ಪತ್ರಗಳು ತಲುಪುತ್ತಲೇ ಇರಬಹುದು.

ಸಾಲದ ಸಂದೇಶದಲ್ಲಿರುವ ಲಿಂಕನ್ನು ಒತ್ತಬೇಡಿ, ಏಕೆಂದರೆ ಆ ಸಂದೇಶವೇ ಬಲೆಯಾಗಿರಬಹುದು. ನಿಮ್ಮ ಹೆಸರಿನಲ್ಲಿರುವ ಸಾಲಗಳನ್ನೆಲ್ಲ ತೋರಿಸುವ ಕ್ರೆಡಿಟ್ ವರದಿಯನ್ನು ನೀವೇ ತರಿಸಿಕೊಂಡು, ಅದರಲ್ಲಿ ನಿಮ್ಮದಲ್ಲದ ಸಾಲ ಕಂಡುಬಂದರೆ ಸಾಲ ಕೊಟ್ಟ ಸಂಸ್ಥೆಗೂ ವರದಿ ನೀಡಿದ ಸಂಸ್ಥೆಗೂ ಲಿಖಿತವಾಗಿ ತಕರಾರು ಸಲ್ಲಿಸಿ, ಪೊಲೀಸರಿಗೂ ದೂರು ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಿ.

ಮರುಪ್ರಶ್ನೆ: ಒಟಿಪಿ ನನ್ನ ಫೋನಿಗೇ ಬರುತ್ತಿರುವಾಗ ಅದು ಕಳ್ಳರಿಗೆ ಹೇಗೆ ಸಿಗುತ್ತದೆ?

ಉತ್ತರ: ಬಹಳಷ್ಟು ಬಾರಿ ಮೋಸದ ಕರೆಗೆ ನಂಬಿ ಜನರೇ ಹೇಳಿಬಿಡುತ್ತಾರೆ. ಇನ್ನೊಂದು ದಾರಿ ಸಿಮ್ ಸ್ವಾಪ್: ನಿಮ್ಮ ಹೆಸರು, ಜನ್ಮದಿನಾಂಕ, ಗುರುತಿನ ಚೀಟಿ ತೋರಿಸಿ ಸಿಮ್ ಕಳೆದಿದೆಯೆಂದು ಮೊಬೈಲ್ ಕಂಪನಿಯನ್ನು ನಂಬಿಸಿದವರು ನಿಮ್ಮ ಸಂಖ್ಯೆಯನ್ನೇ ತಮ್ಮ ಸಿಮ್‌ಗೆ ಹಾಕಿಸಿಕೊಳ್ಳುತ್ತಾರೆ. 2019ರಲ್ಲಿ ಟ್ವಿಟರ್‌ನ ಅಂದಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಅವರ ಖಾತೆಯಿಂದ ಬೇರೆಯವರು ಸಂದೇಶ ಹಾಕಲು ಸಾಧ್ಯವಾದದ್ದೂ ಅವರ ಮೊಬೈಲ್ ಸಂಖ್ಯೆ ಪರರ ಪಾಲಾದದ್ದರಿಂದಲೇ. ಕಾರಣವಿಲ್ಲದೆ ನಿಮ್ಮ ಫೋನಿನ ಸಿಗ್ನಲ್ ಹೋಗಿ ಬಹಳ ಹೊತ್ತು ಬಾರದಿದ್ದರೆ ಬೇರೆ ಫೋನಿನಿಂದ ತಕ್ಷಣ ಕಂಪನಿಗೆ ಕರೆ ಮಾಡಿ.

ಇಮೇಲ್‌ಗೆ ಎಸ್ಸೆಮ್ಮೆಸ್ ಒಟಿಪಿಯ ಬದಲು, ಲಾಗಿನ್ ಸಂಕೇತವನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸುವುದು ಹೆಚ್ಚು ಸುರಕ್ಷಿತ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಅದರ ಸಂಕೇತ ನಿಮ್ಮ ಫೋನಿನೊಳಗೇ ಹುಟ್ಟುವುದರಿಂದ ಸಿಮ್ ಕದ್ದವರಿಗೆ ಅದು ಸಿಗದು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್ ಬಳಸಿ ಲಾಗಿನ್ ಆಗುವ ಪಾಸ್‌ಕೀ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ನಕಲಿ ಜಾಲತಾಣದಲ್ಲಿ ಅದು ಕೆಲಸವೇ ಮಾಡುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಗುರುತಿನ ಚೀಟಿಯ ಪ್ರತಿ ಕೊಡದೆ ಕೆಲಸ ಆಗುವುದಿಲ್ಲವಲ್ಲ?

ಉತ್ತರ: ಕೊಡಿ, ಆದರೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿರಿ ಎಂಬುದನ್ನು ಪ್ರತಿಯ ಮೇಲೆಯೇ ಬರೆದು ಕೊಡಿ. ಖಾಲಿ ಅಂಚಿನಲ್ಲಿ ಬರೆದರೆ ಅದನ್ನು ಕತ್ತರಿಸಿಬಿಡಬಹುದು. ಆದ್ದರಿಂದ ವಿವರಗಳು ಓದಲು ಸಿಗುವಂತೆ, ಅಕ್ಷರಗಳ ಮೇಲೆಯೇ ಅಡ್ಡಲಾಗಿ ಬರೆಯಿರಿ. ಫೋಟೊ ಕಳುಹಿಸುವುದಾದರೂ ಮೊದಲು ಇಂಥ ಪ್ರತಿ ಮಾಡಿಕೊಂಡು ಅದರ ಫೋಟೊವನ್ನೇ ಕಳುಹಿಸಿ.