ಕಾರ್ಡ್ ಬಾಕಿಗೆ ನ್ಯಾಯಾಲಯದಿಂದ ಸಮನ್ಸ್: ಹಾಸನ ಕಡೆಯವರು ಅನುಭವ ತಿಳಿಸಿ

ಕೇಳುತ್ತಿರುವುದು, ಹಾಸನದಿಂದ:

ನನ್ನ ತಮ್ಮನಿಗೆ ಹಾಸನದ ಸಿವಿಲ್ ನ್ಯಾಯಾಲಯದಿಂದ ಸಮನ್ಸ್ ಬಂದಿದೆ. ಕೆಲಸ ಹೋದ ಮೇಲೆ ಕ್ರೆಡಿಟ್ ಕಾರ್ಡಿಗೆ ಹಣ ಕಟ್ಟುವುದು ನಿಂತಿತ್ತು. 90,000 ರೂಪಾಯಿ ಇದ್ದ ಬಾಕಿಯನ್ನು 2,10,000 ಎಂದು ತೋರಿಸಿ ಬ್ಯಾಂಕು ದಾವೆ ಹೂಡಿದೆ. ಕಾಗದದಲ್ಲಿ ‘ಆದೇಶ 37’ ಎಂದಿದೆ. ವಸೂಲಿಯವರು ಜೈಲಿಗೆ ಹಾಕಿಸುತ್ತೇವೆ ಎಂದು ಹೆದರಿಸಿದ ಮೇಲೆ ಅವನು ನ್ಯಾಯಾಲಯದ ಕಡೆ ತಲೆಹಾಕುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಇದನ್ನು ಎದುರಿಸಿದವರು ದಾರಿ ಹೇಳಿ.

ಹಾಸನ, ಮುದ್ರಣಾಲಯ ನಡೆಸುವವರು:

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಕಾರ್ಡಿನ ಬಾಕಿ ಉಳಿಸಿಕೊಂಡಿರುವುದು ಸಿವಿಲ್ ವ್ಯವಹಾರ, ಅಪರಾಧವಲ್ಲ. ಡಿಕ್ರಿ, ಎಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪು, ಆದ ಮೇಲೂ, ಕೊಡುವ ಶಕ್ತಿಯಿದ್ದೂ ಕೊಡದೆ ವಂಚಿಸುವವನನ್ನು ಮಾತ್ರ ಸಿವಿಲ್ ಬಂಧನಕ್ಕೆ ಕಳುಹಿಸಬಹುದು. ಬಡತನಕ್ಕಾಗಿ ಯಾರನ್ನೂ ಒಳಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ನೀವು ಬ್ಯಾಂಕಿಗೆ ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾಗಿದ್ದರೆ ಮಾತ್ರ ಅದು ಬೇರೆ ಪ್ರಕರಣ; ಅದನ್ನು ವಕೀಲರಿಗೆ ಮುಚ್ಚಿಡದೆ ಹೇಳಿ.

ಈಗ ತುರ್ತಿನ ಮಾತು. ಆದೇಶ 37 ಎಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿರುವ ಸಂಕ್ಷಿಪ್ತ ವಿಚಾರಣೆಯ ದಾವೆ. ಸಮನ್ಸ್ ಕೈಗೆ ಬಂದ 10 ದಿನಗಳೊಳಗೆ ಸ್ವತಃ ಅಥವಾ ವಕೀಲರ ಮೂಲಕ ಹಾಜರಾತಿ ದಾಖಲಿಸಬೇಕು. ದಾಖಲಿಸದಿದ್ದರೆ ಬ್ಯಾಂಕು ಹೇಳಿದ್ದನ್ನೆಲ್ಲ ಒಪ್ಪಿಕೊಂಡಂತೆ ಎಣಿಸಿ ಡಿಕ್ರಿ ಮಾಡುತ್ತಾರೆ. ಹಾಜರಾದ ಮೇಲೆ ಬ್ಯಾಂಕು ತೀರ್ಪಿಗಾಗಿ ಇನ್ನೊಂದು ಸಮನ್ಸ್ ಕಳುಹಿಸುತ್ತದೆ. ಅದಕ್ಕೆ ಮತ್ತೆ 10 ದಿನಗಳಲ್ಲಿ, ತನ್ನ ಪರವಾಗಿ ಹೇಳುವುದೇನಿದೆ ಎಂದು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ, ಪ್ರತಿವಾದಕ್ಕೆ ಅನುಮತಿ ಕೇಳಬೇಕು. ಸಾಮಾನ್ಯ ದಾವೆಯಾದರೆ ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90 ದಿನ ಸಿಗುತ್ತದೆ. ನಿಮಗೆ ಅಷ್ಟು ಪುರಸೊತ್ತಿಲ್ಲ. ನಾಳೆಯೇ ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ಹಾಕಿಸಿ.

ನನ್ನ ಅಂಗಡಿಯ ಕಾರ್ಡಿನ ದಾವೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತಿಂಗಳ ಲೆಕ್ಕದ ಪ್ರತಿಗಳು. ಎಲ್ಲ ತಿಂಗಳ ವಿವರವನ್ನೂ ಕೊಡಿ ಎಂದು ಕೇಳಿದೆವು. ತಡಪಾವತಿ ಶುಲ್ಕ, ಆ ಶುಲ್ಕದ ಮೇಲಿನ ತೆರಿಗೆ, ಇವೆರಡರ ಮೇಲೂ ಬಡ್ಡಿ! ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಬಡ್ಡಿ ಬೆಳೆಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಸ್ಪಷ್ಟವಾಗಿ ಹೇಳಿದೆ. ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಗುರುತು ಮಾಡಿಕೊಂಡು ಹೋದೆವು. ನಮ್ಮ ಪ್ರಕರಣ ಲೋಕ ಅದಾಲತ್‌ನಲ್ಲಿ ಮುಗಿಯಿತು. ಬ್ಯಾಂಕು ಕೇಳಿದ್ದು 1,80,000; ರಾಜಿಯಾದದ್ದು 1,10,000ಕ್ಕೆ, ಅದೂ ಕಂತುಗಳಲ್ಲಿ. ರಾಜಿಯಾದರೆ ನ್ಯಾಯಾಲಯದ ಶುಲ್ಕ ಮರಳಿ ಸಿಗುವುದರಿಂದ ಬ್ಯಾಂಕಿನವರೂ ಕೂತು ಮಾತನಾಡುತ್ತಾರೆ. ಆದರೆ ಅಲ್ಲಿನ ಅವಾರ್ಡಿಗೆ (ರಾಜಿಯ ತೀರ್ಪಿಗೆ) ಮೇಲ್ಮನವಿ ಇಲ್ಲ. ನಿಜವಾಗಿ ಕಟ್ಟಲು ಆಗುವ ಕಂತಿಗಷ್ಟೇ ಸಹಿ ಹಾಕಿ.

ಶೇಕಡಾ 30ಕ್ಕಿಂತ ಹೆಚ್ಚಿನ ಬಡ್ಡಿ ಅಕ್ರಮ ಎಂದು ಯಾರಾದರೂ ವಾದ ಹೇಳಿಕೊಟ್ಟರೆ ಅದನ್ನು ನೆಚ್ಚಬೇಡಿ. ಹಾಗೆ ಹೇಳಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ.

ಸಕಲೇಶಪುರ, ಸಣ್ಣ ಕಾಫಿ ಬೆಳೆಗಾರರ ಮನೆಯಿಂದ:

ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಭಾವನ ವಿಷಯದಲ್ಲಿ ಕಂಡಿದ್ದೇವೆ. ಸಮನ್ಸ್ ಹಳೆಯ ಬಾಡಿಗೆ ಮನೆಗೆ ಹೋಗಿತ್ತು. ಭಾವನ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿಯಾಯಿತು, ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಬಂತು, ಉಳಿತಾಯ ಖಾತೆ ಜಪ್ತಿಯಾದಾಗಲೇ ನಮಗೆ ಸಂಗತಿ ತಿಳಿದದ್ದು. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನಗಳೊಳಗೆ ಅದನ್ನು ರದ್ದುಗೊಳಿಸಲು ಅರ್ಜಿ ಹಾಕಬಹುದು. ಭಾವ ಹಾಕಿದರು, ಪ್ರಕರಣ ಮತ್ತೆ ತೆರೆಯಿತು. ನಿಮ್ಮ ತಮ್ಮನ ಕೈಗೆ ಸಮನ್ಸ್ ತಲುಪಿದೆಯಲ್ಲ, ಅವನಿಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ.

ಜಪ್ತಿಗೂ ಮಿತಿ ಇದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೆಯ ಎರಡು ಭಾಗವನ್ನು ಮುಟ್ಟುವಂತಿಲ್ಲ. 19,000 ಸಂಬಳವಿದ್ದರೆ ತಿಂಗಳಿಗೆ ಗರಿಷ್ಠ 6,000 ಹಿಡಿಯಬಹುದು. ಭವಿಷ್ಯ ನಿಧಿ, ಅಡುಗೆ ಪಾತ್ರೆ, ಹಾಸಿಗೆ, ಹೆಣ್ಣುಮಕ್ಕಳ ಮಾಂಗಲ್ಯ, ರೈತನ ಉಪಕರಣ, ರೈತ ವಾಸಿಸುವ ಮನೆ, ಇವೆಲ್ಲ ಜಪ್ತಿಯ ಹೊರಗೆ. ಇಷ್ಟು ತಿಳಿದ ಮೇಲೆ ನಮ್ಮ ಅತ್ತೆ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಕಂತು ಕೇಳುವಾಗ ನಿಮ್ಮ ಆದಾಯದ ಕಾಲವನ್ನು ಹೇಳಿ. ಕಾಫಿ ಕೊಯ್ಲು ಮುಗಿದು ಹಣ ಬರುವ ಫೆಬ್ರವರಿ, ಮಾರ್ಚ್‌ಗೆ ದೊಡ್ಡ ಕಂತು, ಮಳೆಗಾಲಕ್ಕೆ ಸಣ್ಣದು ಎಂದು ನಾವು ಕೇಳಿದೆವು, ಬ್ಯಾಂಕಿನ ವಕೀಲರು ಒಪ್ಪಿದರು.

ಚಿಕ್ಕಮಗಳೂರು, ಶಿಕ್ಷಕಿ:

ವಕೀಲರ ಶುಲ್ಕಕ್ಕೆ ಹಣವಿಲ್ಲದೆ ಹಿಂಜರಿಯುವುದಾದರೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. ಆದಾಯ ಮಿತಿಯೊಳಗಿದ್ದವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯನ್ನೇ ನೋಡುವುದಿಲ್ಲ. ನನಗೆ ಅಲ್ಲಿಂದಲೇ ವಕೀಲರು ಸಿಕ್ಕಿದ್ದು, ಬಹಳ ಶ್ರದ್ಧೆಯಿಂದ ನಡೆಸಿಕೊಟ್ಟರು. ಸಹಾಯವಾಣಿ 15100.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಕರೆಯ ದಾಖಲೆಯೊಂದಿಗೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ನಿಮ್ಮ ತಾಯಿಯ ವಯಸ್ಸಿನವರನ್ನು ಊಟ ಬಿಡಿಸುವಷ್ಟು ಹೆದರಿಸುವುದು ಅನ್ಯಾಯ, ಇದನ್ನು ಸುಮ್ಮನೆ ಬಿಡಬೇಡಿ.

ಅರಸೀಕೆರೆ, ನ್ಯಾಯಾಲಯದ ನಿವೃತ್ತ ಸಿಬ್ಬಂದಿ:

ಮೇಲಿನವರು ಸರಿಯಾಗಿಯೇ ಹೇಳಿದ್ದಾರೆ. ಒಂದನ್ನು ಸೇರಿಸುತ್ತೇನೆ: ಕಾಲಮಿತಿ. ಇಂಥ ದಾವೆ ಹೂಡಲು ಬ್ಯಾಂಕಿಗೆ ಇರುವುದು 3 ವರ್ಷ. ಕೊನೆಯ ಪಾವತಿ ಎಂದು, ದಾವೆ ದಾಖಲಾದದ್ದು ಎಂದು, ಈ ಎರಡು ದಿನಾಂಕಗಳನ್ನು ವಕೀಲರ ಮುಂದಿಡಿ. ಇನ್ನೂ ಸಮನ್ಸ್ ಬಾರದೆ ಹಳೆಯ ಬಾಕಿ ಇರುವವರು ಇದನ್ನು ಓದುತ್ತಿದ್ದರೆ, ವಸೂಲಿಯವರು ತಂದ ಕಾಗದಕ್ಕೆ ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ಬಾಕಿ ಒಪ್ಪಿಕೊಂಡ ಸಹಿಯಿಂದ 3 ವರ್ಷ ಹೊಸದಾಗಿ ಆರಂಭವಾಗುತ್ತದೆ.

ಡಿಕ್ರಿಯಾದ ಮೇಲೆ ಹೊರಗೇ ಬ್ಯಾಂಕಿಗೆ ಹಣ ಕಟ್ಟಿದರೆ, 30 ದಿನಗಳೊಳಗೆ ಅದನ್ನು ನ್ಯಾಯಾಲಯದ ದಾಖಲೆಗೆ ಸೇರಿಸಲು ಅರ್ಜಿ ಹಾಕಿ. ದಾಖಲೆಯಲ್ಲಿ ಇಲ್ಲದ ಪಾವತಿಯನ್ನು ಅಮಲ್ಜಾರಿ ನ್ಯಾಯಾಲಯ ಪರಿಗಣಿಸುವುದಿಲ್ಲ. ರಸೀದಿ ಇಟ್ಟುಕೊಂಡೂ ಮತ್ತೆ ಕಟ್ಟಬೇಕಾಗಿ ಬಂದವರನ್ನು ನಾನು ನೋಡಿದ್ದೇನೆ.

ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ತಮ್ಮ ಪೂರ್ತಿ ಓದಿದ. ನಾಳೆ ಬೆಳಿಗ್ಗೆ ಇಬ್ಬರೂ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗುತ್ತೇವೆ. ತಿಂಗಳ ಲೆಕ್ಕದ ಪ್ರತಿಗಳಿಗಾಗಿ ಬ್ಯಾಂಕಿಗೆ ಪತ್ರ ಬರೆದಾಯಿತು.