ಕಟಾರ ಯಾಕೆ ಎಲ್ಲರಿಗಿಂತ ಕೊನೆಗೆ ಒಪ್ಪಿದಳು? ಮಗಳ ಮುನಿಸಿಗೆ ಏನು ಹೇಳಲಿ?

ಶಿವಮೊಗ್ಗದ ಒಬ್ಬ ತಾಯಿ ಕೇಳಿದ್ದು

ನಮ್ಮ ಮಗಳು ಏಳನೇ ಕ್ಲಾಸು. ಐದನೇ ಕ್ಲಾಸಿನವರೆಗೆ ಅವಳಿಗೆ ಒಬ್ಬಳೇ ಜೀವದ ಗೆಳತಿ. ಇಬ್ಬರಿಗೂ ಒಂದೇ ಬೆಂಚು, ಊಟದ ಡಬ್ಬಿಯೂ ಹಂಚಿಕೊಂಡೇ. ಆರನೇ ಕ್ಲಾಸಿನಲ್ಲಿ ಆ ಹುಡುಗಿ ಬೇರೆ ಗುಂಪು ಸೇರಿದಳು. ಇವಳು ನಂಬಿ ಹೇಳಿದ್ದ ಮನೆಯ ವಿಷಯವನ್ನು ಎಲ್ಲರ ಮುಂದೆ ಹೇಳಿ ನಕ್ಕಳು. ಜೋಗಕ್ಕೆ ಪ್ರವಾಸ ಹೋದಾಗ ಬಸ್ಸಿನಲ್ಲಿ ಇವಳ ಪಕ್ಕ ಯಾರೂ ಕೂರದ ಹಾಗೆ ಮಾಡಿದಳು. ಆ ವರ್ಷವೆಲ್ಲ ನಮ್ಮ ಮಗು ಒಬ್ಬಳೇ ಕೂತು ಊಟ ಮಾಡಿದ್ದಾಳೆ. ನನಗೆ ಗೊತ್ತಾಗಿದ್ದು ಪರೀಕ್ಷೆ ಮುಗಿದ ಮೇಲೆ.

ಈಗ ಆ ಗುಂಪು ಆ ಹುಡುಗಿಯನ್ನೇ ಹೊರಗಿಟ್ಟಿದೆ. ಹೋದ ವಾರ ಅವಳು ಮಗಳಿಗೆ ಒಂದು ಚೀಟಿ ಕೊಟ್ಟಿದ್ದಾಳೆ, 'ಸಾರಿ, ಮತ್ತೆ ಫ್ರೆಂಡ್ಸ್ ಆಗೋಣ' ಅಂತ. ಮಗಳು ದಸರಾ ರಜೆಯಿಂದ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಅನ್ನುವ ಕಾರ್ಟೂನ್ ಧಾರಾವಾಹಿ ನೋಡುತ್ತಿದ್ದಾಳೆ. ಅದರಲ್ಲಿ ಜುಕೋ ಅನ್ನುವ ಶತ್ರು ರಾಜಕುಮಾರ ಒಂದು ದಿನ ಆಂಗ್ ಅನ್ನುವ ನಾಯಕನ ಗುಂಪಿಗೆ ಸೇರಲು ಬರುತ್ತಾನಂತೆ. ಕಟಾರ ಆ ಗುಂಪಿನ ಹುಡುಗಿ. ಮೊನ್ನೆ ರಾತ್ರಿ ಮಲಗುವಾಗ ಕೇಳಿದಳು: "ಅಮ್ಮಾ, ಎಲ್ಲರೂ ಒಪ್ಪಿದರೂ ಕಟಾರ ಮಾತ್ರ ಒಪ್ಪಲ್ಲ. ನಾನೂ ಹಾಗೇ ಇರಬಹುದಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವಳ ಅಪ್ಪ "ಹೋಗ್ಲಿ ಬಿಡು, ಮಾತಾಡಿಸು" ಅನ್ನುತ್ತಾರೆ. ನಾನು ಆ ಧಾರಾವಾಹಿ ನೋಡಿಲ್ಲ. ನೋಡಿದವರು ಹೇಳಿ. ಮುರಿದ ಸ್ನೇಹ ಮತ್ತೆ ಕೂಡಿಸಿಕೊಂಡವರು, ಕೂಡಿಸಿಕೊಳ್ಳದೆ ಬಿಟ್ಟವರು, ನಿಮ್ಮ ಅನುಭವವನ್ನೂ ಹೇಳಿ.

ಸಾಗರದಿಂದ

ಅಕ್ಕಾ, ನಾನು ಇದನ್ನು ನಾಲ್ಕು ಸಲ ಪೂರ್ತಿ ನೋಡಿದ್ದೇನೆ. 2005ರಿಂದ 2008ರವರೆಗೆ ಬಂದ ಧಾರಾವಾಹಿ. ಮೂರು ಭಾಗ, ಒಟ್ಟು 61 ಕಂತು. ಇದರಲ್ಲಿ ಕಟಾರ ನೀರನ್ನು, ಜುಕೋ ಬೆಂಕಿಯನ್ನು ಹೇಳಿದ ಹಾಗೆ ಆಡಿಸಬಲ್ಲರು. ಜುಕೋ ಗುಂಪಿಗೆ ಸೇರುವುದು ಮೂರನೇ ಭಾಗದ ಹನ್ನೆರಡನೇ ಕಂತಿನಲ್ಲಿ. ಅಂದರೆ ಕಥೆ ಮುಗಿಯಲು ಹತ್ತು ಕಂತೂ ಉಳಿದಿರುವುದಿಲ್ಲ. ಅಲ್ಲಿಯವರೆಗೆ ಕಾಯಿಸಿದ್ದಾರೆ. ಅದೇ ನನಗೆ ಇಷ್ಟ.

ನಿಮ್ಮ ಮಗಳ ಪ್ರಶ್ನೆ ಅರ್ಥ ಆಗಬೇಕಾದರೆ ಎರಡನೇ ಭಾಗದ ಕೊನೆಯ ಕಂತು ಗೊತ್ತಿರಬೇಕು. ಬಾ ಸಿಂಗ್ ಸೇ ಅನ್ನುವ ದೊಡ್ಡ ನಗರದ ಕೆಳಗಿನ ಗುಹೆಯಲ್ಲಿ ಕಟಾರ, ಜುಕೋ ಇಬ್ಬರೂ ಸೆರೆಯಲ್ಲಿರುತ್ತಾರೆ. ಇಬ್ಬರೂ ತಾಯಿಯನ್ನು ಕಳೆದುಕೊಂಡವರು. ಆ ಮಾತು ಬಂದಾಗ ಕಟಾರಳ ಮನಸ್ಸು ಕರಗುತ್ತದೆ. ಅವನ ಮುಖದ ಸುಟ್ಟ ಗಾಯ ಅವನಪ್ಪನೇ ಮಾಡಿದ್ದು. ಉತ್ತರ ಧ್ರುವದಿಂದ ತಂದ, ಅವಳ ಹತ್ತಿರ ಸ್ವಲ್ಪವೇ ಇರುವ ಪವಿತ್ರ ನೀರಿನಿಂದ ಆ ಗಾಯ ವಾಸಿ ಮಾಡಲು ನೋಡುತ್ತೇನೆ ಅನ್ನುತ್ತಾಳೆ. ಅಷ್ಟರಲ್ಲಿ ಬಿಡುಗಡೆಯಾಗುತ್ತದೆ. ಸ್ವಲ್ಪ ಹೊತ್ತಿಗೇ ಜುಕೋ ತಂಗಿ ಅಜುಲಾಳ ಕಡೆ ಸೇರಿ ಇವರ ಮೇಲೇ ತಿರುಗಿ ಬೀಳುತ್ತಾನೆ. ಅಜುಲಾಳ ಮಿಂಚಿಗೆ ಆಂಗ್ ಸಾಯುವ ಹಾಗಾಗುತ್ತದೆ. ಕಟಾರ ಅದೇ ನೀರಿನಿಂದ ಅವನ ಜೀವ ಉಳಿಸುತ್ತಾಳೆ.

ಅಂದರೆ ಗುಂಪಿನಲ್ಲಿ ಜುಕೋನನ್ನು ಮೊದಲು ನಂಬಿ ಕೆಟ್ಟವಳು ಕಟಾರ. ಅದಕ್ಕೇ ಅವಳು ಎಲ್ಲರಿಗಿಂತ ಕೊನೆಗೆ ಒಪ್ಪಿದ್ದು. ಎಷ್ಟೋ ಜನ ಅವಳನ್ನು ಹಟಮಾರಿ ಅನ್ನುತ್ತಾರೆ. ಅದು ಹಟ ಅಲ್ಲವೇ ಅಲ್ಲ. ಗುಂಪಿನ ಉಳಿದವರು, ಆಂಗ್, ಸಾಕಾ, ಟಾಫ್ ಮೂವರಿಗೂ ಅವನು ಬರೀ ಶತ್ರು. ಕಟಾರಳಿಗೆ ಮಾತ್ರ ಅವನು ಗುಟ್ಟು ಕೇಳಿಸಿಕೊಂಡು ಮೋಸ ಮಾಡಿದವನು. ನಿಮ್ಮ ಮಗಳದ್ದೂ ಅದೇ ಅಲ್ವಾ?

ಅವನು ಬರುವ ಕಂತಿನಲ್ಲಿ ಕ್ಷಮೆ ಕೇಳುವ ಮಾತು ಪೂರ್ತಿ ಕೈಕೊಡುತ್ತದೆ. ಒಂದು ಕಪ್ಪೆಯ ಮುಂದೆ ನಿಂತು ಅಭ್ಯಾಸ ಮಾಡಿ ಬಂದಿರುತ್ತಾನೆ, ಆದರೂ ತೊದಲುತ್ತಾನೆ. ನಿಮ್ಮ ಹಿಂದೆ ಒಬ್ಬ ಕೊಲೆಗಾರನನ್ನು ಕಳಿಸಿದ್ದು ನಾನೇ ಅಂತ ಒಪ್ಪಿಕೊಂಡು ತನ್ನ ಕೆಲಸ ತಾನೇ ಕೆಡಿಸಿಕೊಳ್ಳುತ್ತಾನೆ. ಕೊನೆಗೆ, ಗೆಳೆಯ ಅಂತ ಬೇಡ, ಕೈದಿ ಅಂತಲಾದರೂ ಇಟ್ಟುಕೊಳ್ಳಿ ಅಂತ ಮಂಡಿಯೂರುತ್ತಾನೆ. ಕಟಾರ ನೀರಿನಲ್ಲಿ ಹೊಡೆದು ಅಟ್ಟುತ್ತಾಳೆ. ಅವನ ಬಗ್ಗೆ ಒಳ್ಳೆಯ ಮಾತು ಆಡುವುದು ಟಾಫ್ ಒಬ್ಬಳೇ. ಅವಳಿಗೆ ಕಣ್ಣು ಕಾಣದು. ನೆಲದಲ್ಲಿ ಎದೆಬಡಿತ ಕೇಳಿಸಿಕೊಂಡು ಸುಳ್ಳೋ ನಿಜವೋ ಹೇಳಬಲ್ಲಳು. ಆ ರಾತ್ರಿ ಅವನನ್ನು ನೋಡಲು ಹೋದವಳ ಕಾಲನ್ನೇ ಅವನು ಗಾಬರಿಯಲ್ಲಿ ಸುಟ್ಟುಬಿಡುತ್ತಾನೆ. ಒಳ್ಳೆಯವನಾಗಲು ಹೊರಟವನ ಕೈಯಿಂದ ಮತ್ತೆ ತಪ್ಪು. ಇದು ಮಕ್ಕಳಿಗೆ ಗೊತ್ತಿರಲಿ: ಆ ಹುಡುಗಿಯೂ ನಡುವೆ ಒಂದೆರಡು ಸಲ ಎಡವಬಹುದು.

ತೀರ್ಥಹಳ್ಳಿ ಕಡೆಯಿಂದ ಒಬ್ಬ ಹಿರಿಯರು

ನಾನು ಕಾರ್ಟೂನ್ ನೋಡಿದವನಲ್ಲ. ತಾಳಮದ್ದಳೆ ಕೇಳಿ ಬೆಳೆದವನು. ಲಂಕೆ ಬಿಟ್ಟು ನಾಲ್ವರ ಜೊತೆ ಬಂದ ವಿಭೀಷಣ ರಾಮನಿಗೆ ಶರಣು ಅಂದಾಗ ಸುಗ್ರೀವ ಬೇಡವೇ ಬೇಡ ಅಂದ. ಕಷ್ಟಕಾಲದಲ್ಲಿ ಅಣ್ಣನನ್ನೇ ಬಿಟ್ಟು ಬಂದವನು ನಾಳೆ ನಮ್ಮನ್ನು ಬಿಡುವುದಿಲ್ಲವೇ ಅಂತ ಅವನ ವಾದ. ಹನುಮಂತ ಸೇರಿಸಿಕೊಳ್ಳೋಣ ಅಂದ. ರಾಮ ಎಲ್ಲರ ಮಾತೂ ಕೇಳಿ, ಶರಣು ಬಂದವನಿಗೆ ಅಭಯ ಕೊಡುವುದೇ ನನ್ನ ವ್ರತ, ರಾವಣನೇ ಬಂದರೂ ಕೊಟ್ಟೇನು ಅಂದ. ಮಗು ದೊಡ್ಡ ಮನಸ್ಸು ಮಾಡಲಿ ಅಮ್ಮ. ಚೀಟಿ ಬರೆದು ಕೊಡಲು ಆ ಮಗುವಿಗೂ ಧೈರ್ಯ ಬೇಕಾಗಿತ್ತು.

ಮತ್ತೆ ಸಾಗರದಿಂದ

ಹಿರಿಯರ ಮಾತಿಗೆ ಎದುರಾಡುತ್ತಿಲ್ಲ. ಆದರೆ ವಿಭೀಷಣ ರಾಮನಿಗೆ ಅದಕ್ಕೆ ಮುಂಚೆ ಯಾವ ಕೆಡುಕೂ ಮಾಡಿರಲಿಲ್ಲ. ಸೀತೆಯನ್ನು ಒಪ್ಪಿಸು ಅಂತ ಅಣ್ಣನಿಗೇ ಹೇಳಿ ಬಂದವನು. ಜುಕೋ ಹಾಗಲ್ಲ. ಆಂಗ್‌ನನ್ನು ಹಿಡಿಯಲು ಊರೂರು ಅಲೆದವನು, ಇವರನ್ನು ನೋಯಿಸಿದವನು. ತನಗೆ ನೋವು ಮಾಡದವನಿಗೆ ಅಭಯ ಕೊಡುವುದೇ ಬೇರೆ, ತನ್ನ ಗುಟ್ಟನ್ನು ಊರಿಗೆಲ್ಲ ಸಾರಿದವಳ ಪಕ್ಕ ಕೂತು ಊಟ ಮಾಡುವುದೇ ಬೇರೆ.

ಹಿರಿಯರು

ಒಪ್ಪಿದೆ. ನಾನು ಅಷ್ಟು ಯೋಚಿಸಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ. ಬೇಡ ಅಂದ ಸುಗ್ರೀವನ ಬಾಯನ್ನು ರಾಮ ಮುಚ್ಚಿಸಲಿಲ್ಲ. ಮಗುವಿನ 'ಬೇಡ'ವನ್ನೂ ಮನೆಯಲ್ಲಿ ಯಾರೂ ಮುಚ್ಚಿಸುವುದು ಬೇಡ.

ಹೊಸನಗರದ ಹತ್ತಿರದ ಹಳ್ಳಿಯಿಂದ

ತಂಗೀ, ನನಗೆ ಅರವತ್ತೆಂಟು. ಮೊಮ್ಮಗ ರಜೆಗೆ ಬಂದಾಗ ಅವನ ಪಕ್ಕ ಕೂತು ಈ ಕಥೆ ಅರ್ಧಂಬರ್ಧ ನೋಡಿದ್ದೇನೆ. ಆ ಜುಕೋ, ಆಂಗ್ ಇಬ್ಬರೂ ಅಂಗೈಯಲ್ಲಿ ಬೆಂಕಿ ಹಿಡಿದು ಬೆಟ್ಟ ಹತ್ತುತ್ತಾರಲ್ಲ, ಅದು ಚೆನ್ನಾಗಿ ನೆನಪಿದೆ. ಬೆಂಕಿ ದೊಡ್ಡದಾಗಲೂ ಬಾರದು, ಆರಲೂ ಬಾರದು. ಇಬ್ಬರೂ ಜೊತೆಯಲ್ಲಿ ಹತ್ತಬೇಕು.

ನಮ್ಮನೆ ಕಥೆ ಹೇಳುತ್ತೇನೆ. ನಮ್ಮ ತೋಟಕ್ಕೂ ಮೈದುನನ ತೋಟಕ್ಕೂ ಒಂದೇ ಹಳ್ಳದ ನೀರು. ಬೇಸಿಗೆಯಲ್ಲಿ ಸರದಿಯ ಮೇಲೆ ಕಾಲುವೆ ತಿರುಗಿಸಿಕೊಳ್ಳಬೇಕು. ಒಂದು ವರ್ಷ ನಮ್ಮ ಸರದಿಯ ನೀರು ರಾತ್ರೋರಾತ್ರಿ ಅವರ ತೋಟಕ್ಕೆ ಹೋಯಿತು. ಮಾತಿಗೆ ಮಾತು ಬೆಳೆದು, ಆಡಬಾರದ್ದನ್ನೆಲ್ಲ ಆಡಿದೆವು. ಆಮೇಲೆ ಒಂಬತ್ತು ವರ್ಷ ಮಾತಿಲ್ಲ. ಅಂಗಳದ ಆಚೆ ಅವರ ಮನೆ, ಈಚೆ ನಮ್ಮದು. ಅವರ ಮಗಳ ಮದುವೆಯ ವಾಲಗ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು, ನಾವು ಹೋಗಲಿಲ್ಲ. ಹಿರಿಯರು ಎರಡು ಸಲ ಕೂರಿಸಿ ರಾಜಿ ಮಾಡಿಸಿದರು. ಎರಡು ಸಲವೂ ಹದಿನೈದು ದಿನ ನಡೆಯಲಿಲ್ಲ.

ಒಂದು ಸಲ ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೇ ನಮ್ಮನೆಯವರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಸುಲಿಯಲು ಬರುತ್ತೇವೆ ಅಂದ ಆಳುಗಳೂ ಬರಲಿಲ್ಲ. ಹಸಿ ಅಡಿಕೆ ನಮಗಾಗಿ ಕಾಯುತ್ತದೆಯೇ? ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ರಾಶಿ ನೋಡಿ ನನಗೆ ಅಳು ಬಂತು. ರಾತ್ರಿ ಎಂಟು ಗಂಟೆಗೆ ನನ್ನ ಓರಗಿತ್ತಿ ಅಡಿಕೆ ಸುಲಿಯುವ ಅವಳದೇ ಮೆಟ್ಟುಗತ್ತಿ ಹಿಡಿದು ಬಂದಳು. ಏನೂ ಹೇಳದೆ ಕೂತು ಸುಲಿಯಲು ಶುರು ಮಾಡಿದಳು. ನಾನೂ ಏನೂ ಕೇಳಲಿಲ್ಲ.

ಮೆಟ್ಟುಗತ್ತಿ ಮುಂದೆ ಕೂತವರು ತಲೆ ಎತ್ತುವ ಹಾಗಿಲ್ಲ, ಎತ್ತಿದರೆ ಬೆರಳು ಹೋಗುತ್ತದೆ. ಮುಖ ನೋಡುವ ಕಷ್ಟ ಇಲ್ಲ. ಮೂರನೇ ರಾತ್ರಿ ಅವಳು ಹೇಳಿದಳು, "ಆ ವರ್ಷ ನಮ್ಮ ಸಸಿ ಒಣಗ್ತಾ ಇತ್ತು ಅಕ್ಕಾ. ಆದ್ರೂ ಕೇಳಿ ತಗೋಬೇಕಿತ್ತು." ಅಷ್ಟೇ. ಮುಂದಿನ ವಾರ ಅವರ ಕೊಯ್ಲಿಗೆ ನಾನು ಮುಯ್ಯಾಳಾಗಿ, ಅಂದರೆ ಕೆಲಸಕ್ಕೆ ಬದಲು ಕೆಲಸ ಮಾಡಿಕೊಡಲು ಹೋದೆ. ಈಗಲೂ ಆ ಮುಯ್ಯಿ ನಡೆಯುತ್ತಿದೆ. ಆದರೆ ನೀರಿನ ಸರದಿಯನ್ನು ಮಾತ್ರ ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದೇವೆ. ಮತ್ತೆ ಸೇರಿದೆವು ಅಂತ ಅದನ್ನು ಅಳಿಸಿಲ್ಲ.

ಮಕ್ಕಳನ್ನು ಎದುರುಬದುರು ಕೂರಿಸಿ ಕ್ಷಮೆ ಕೇಳಿಸಬೇಡ. ಇಬ್ಬರ ಕೈಗೂ ಒಂದು ಕೆಲಸ ಕೊಡು.

ಭದ್ರಾವತಿಯಿಂದ

ನನ್ನದು ಸೇರದೆ ಉಳಿದ ಕಥೆ. ಹಾಸ್ಟೆಲಿನಲ್ಲಿದ್ದಾಗ ಒಬ್ಬಳು ನನ್ನನ್ನು ಎರಡು ವರ್ಷ ಕಾಡಿದಳು. ದೊಡ್ಡವರು ಇಬ್ಬರನ್ನೂ ಕರೆದು ಕೈಕುಲುಕಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತಿನ ಮೇಲೆ ನಾನು ದೂರು ಹೇಳುವ ಹಾಗೂ ಇರಲಿಲ್ಲ, 'ರಾಜಿ ಆಗಿದೆಯಲ್ಲ' ಅನ್ನುತ್ತಿದ್ದರು. ಇವತ್ತಿಗೂ ನಾನು ಅವಳನ್ನು ಕ್ಷಮಿಸಿಲ್ಲ. ನನ್ನ ಬದುಕು ಚೆನ್ನಾಗಿದೆ.

ಮೂರನೇ ಭಾಗದ ಹದಿನಾರನೇ ಕಂತನ್ನು ಮಗಳ ಜೊತೆ ಕೂತು ನೋಡಿ. ತನ್ನನ್ನು ಕ್ಷಮಿಸಲು ಏನು ಮಾಡಬೇಕು ಅಂತ ಜುಕೋ ಕೇಳಿದಾಗ ಕಟಾರ, ಬಾ ಸಿಂಗ್ ಸೇ ನಗರವನ್ನು ಗೆದ್ದು ಕೊಡು, ಇಲ್ಲವೇ ನನ್ನ ಅಮ್ಮನನ್ನು ತಂದುಕೊಡು ಅನ್ನುತ್ತಾಳೆ. ಅವನು ವಾದ ಮಾಡುವುದಿಲ್ಲ. ಅವಳ ಅಣ್ಣ ಸಾಕಾನ ಹತ್ತಿರ ಹೋಗಿ ಅವಳ ಅಮ್ಮ ತೀರಿಕೊಂಡದ್ದು ಹೇಗೆ ಅಂತ ಕೇಳುತ್ತಾನೆ. ಕೊಂದವನನ್ನು ಹುಡುಕಲು ಅವಳ ಜೊತೆ ಹೊರಡುತ್ತಾನೆ. ಕ್ಷಮಿಸು ಅಂತ ಆಂಗ್ ಬುದ್ಧಿ ಹೇಳುತ್ತಾನೆ. ಜುಕೋ ಸುಮ್ನೆ ಜೊತೆಗಿರುತ್ತಾನೆ. ಕೊಂದವನು ಕೈಗೆ ಸಿಕ್ಕಿದಾಗ ಕಟಾರ ಅವನನ್ನು ಕೊಲ್ಲುವುದಿಲ್ಲ. ಆದರೆ ಕ್ಷಮಿಸುವುದೂ ಇಲ್ಲ, ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಆಮೇಲೆ ಜುಕೋನನ್ನು ಕ್ಷಮಿಸಲು ನಾನು ತಯಾರು ಅಂದು ತಾನಾಗಿ ತಬ್ಬಿಕೊಳ್ಳುತ್ತಾಳೆ. ಒಂದೇ ಕಂತಿನಲ್ಲಿ ಒಬ್ಬನಿಗೆ ಇಲ್ಲ, ಒಬ್ಬನಿಗೆ ಹೌದು. ಎರಡೂ ಅವಳದೇ ತೀರ್ಮಾನ. ಹನ್ನೆರಡು ವರ್ಷದವಳಾಗಿದ್ದಾಗ ನಾನು ಇದನ್ನು ನೋಡಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಕೊಪ್ಪದಿಂದ

ನಾನು ತಪ್ಪು ಮಾಡಿದ ಕಡೆಯವನು. ಒಂಬತ್ತನೇ ಕ್ಲಾಸಿನಲ್ಲಿ ಜೊತೆಯ ಹುಡುಗನೊಬ್ಬ ದುಡ್ಡು ಕದ್ದ ಅಂತ ಸುಳ್ಳು ಹಬ್ಬಿಸಿದ್ದೆ. ಆಮೇಲೆ ಮನಸ್ಸು ಕುಟುಕಲು ಶುರುವಾಗಿ ಕ್ಷಮೆ ಕೇಳಿ ಪತ್ರ ಬರೆದೆ. ಅವನು ಉತ್ತರ ಕೊಡಲಿಲ್ಲ. ಮತ್ತೆ ಬರೆದೆ, ಮನೆಗೂ ಹೋದೆ. ಅವನು ಬಾಗಿಲು ಹಾಕಿಕೊಂಡ. ಎಷ್ಟೋ ದಿನ ಆದ ಮೇಲೆ ಗೊತ್ತಾಯಿತು, ನಾನು ಕ್ಷಮೆ ಕೇಳುತ್ತಿರಲಿಲ್ಲ, ಅವನ ಸ್ನೇಹವನ್ನು ವಾಪಸ್ ಕೇಳುತ್ತಿದ್ದೆ. ಆ ಚೀಟಿಯ ಎರಡನೇ ಅರ್ಧ ಇದೆಯಲ್ಲ, 'ಮತ್ತೆ ಫ್ರೆಂಡ್ಸ್ ಆಗೋಣ' ಅಂತ, ಅದೇ.

ಕೊನೆಗೆ ನಾನು ಮಾಡಿದ್ದು ಒಂದೇ. ಯಾರ ಮುಂದೆ ಸುಳ್ಳು ಹೇಳಿದ್ದೆನೋ ಅವರಿಗೆಲ್ಲ ಒಬ್ಬೊಬ್ಬರಾಗಿ ನಿಜ ಹೇಳಿದೆ. ನಾಚಿಕೆ ಆಯಿತು, ಕೆಲವರು ನನ್ನನ್ನೇ ಬಿಟ್ಟರು. ಅವನು ಮಾತಾಡಿದ್ದು ಅದಾಗಿ ಎರಡು ವರ್ಷಕ್ಕೆ. ಇವತ್ತು ನನ್ನ ಮಗುವಿಗೆ ಜ್ವರ ಬಂದರೆ ಮೊದಲು ಫೋನ್ ಮಾಡುವುದು ಅವನಿಗೆ.

ಇನ್ನೊಂದು ವಿಷಯ ಕಟುವಾದರೂ ಹೇಳಬೇಕು. ಎರಡನೇ ಭಾಗದಲ್ಲಿ ಜುಕೋ ದೇಶ ಬಿಟ್ಟು, ಊಟಕ್ಕೂ ಇಲ್ಲದೆ ಅಲೆಯುವಾಗ ಬದಲಾದ ಹಾಗೆ ಕಾಣುತ್ತಾನೆ. ಅರಮನೆಯ ದಾರಿ ತೆರೆದ ಕೂಡಲೇ ಮತ್ತೆ ಜಾರುತ್ತಾನೆ. ಮೂರನೇ ಭಾಗದಲ್ಲಿ ಅವನಿಗೆ ಎಲ್ಲವೂ ಸಿಕ್ಕಿರುತ್ತದೆ, ಅಪ್ಪನ ಮೆಚ್ಚುಗೆಯೂ. ಅಪ್ಪನ ಮುಖಕ್ಕೇ ಹೇಳಿ ಅದನ್ನೆಲ್ಲ ಬಿಟ್ಟು ಬರುತ್ತಾನಲ್ಲ, ಹಾಗೆ ಬಂದದ್ದು ನಿಜವಾದದ್ದು. ನಿಮ್ಮ ಮಗಳ ಗೆಳತಿ ಈಗ ಬಂದಿರುವುದು ಗುಂಪು ಹೊರಹಾಕಿದ ಮೇಲೆ. ಅದು ಆ ಮಗುವಿನ ತಪ್ಪಲ್ಲ, ಒಂಟಿತನ ಯಾರಿಗೂ ಬೇಡ. ಆದರೆ ಗುಂಪು ನಾಳೆ ಮತ್ತೆ ಕರೆದರೆ ಏನು ಮಾಡುತ್ತಾಳೆ ಅಂತ ಗೊತ್ತಾಗುವವರೆಗೆ ಮಗಳು ಗುಟ್ಟುಗಳನ್ನು ತನ್ನಲ್ಲೇ ಇಟ್ಟುಕೊಳ್ಳಲಿ. ಮಾತಾಡಲಿ, ಆಡಲಿ.

ಶಿವಮೊಗ್ಗದ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವೆಲ್ಲ ಓದುತ್ತಾ ಎರಡು ಸಲ ಕಣ್ಣೊರೆಸಿಕೊಂಡೆ. ಶನಿವಾರ ರಾತ್ರಿ ಮಗಳ ಜೊತೆ ಆ ಹದಿನಾರನೇ ಕಂತು ನೋಡಿದೆ. ಅವಳ ಅಪ್ಪನೂ ಬಂದು ಕೂತರು. ಮುಗಿದ ಮೇಲೆ ಹೇಳಿದೆ, "ಹೌದು ಪುಟ್ಟಾ, ನೀನೂ ಹಾಗೇ ಇರಬಹುದು. ಎಷ್ಟು ದಿನ ಬೇಕಾದರೂ." ಅವಳು ತುಂಬಾ ಹೊತ್ತು ಮಾತಾಡಲಿಲ್ಲ.

ಸೋಮವಾರ ಶಾಲೆಯಿಂದ ಬಂದವಳು ತಾನಾಗಿ ಹೇಳಿದಳು. ಬೆಂಚಿಗೆ ಈಗಲೇ ಬೇಡ ಅಂತ ಆ ಹುಡುಗಿಗೆ ನೇರವಾಗಿ ಹೇಳಿದ್ದಾಳಂತೆ. ನೀನು ನಕ್ಕಿದ್ದು ಎಲ್ಲರ ಮುಂದೆ, ಸಾರಿ ಮಾತ್ರ ಚೀಟಿಯಲ್ಲಿ ಯಾಕೆ ಅಂತಲೂ ಕೇಳಿದ್ದಾಳೆ. ಆ ಹುಡುಗಿ ಅತ್ತಳಂತೆ. ಮಂಗಳವಾರ ಊಟದ ಹೊತ್ತಿನಲ್ಲಿ ಆ ಗುಂಪಿನ ಇಬ್ಬರನ್ನು ಕರೆದುಕೊಂಡು ಬಂದು, ನಾನು ಹಾಗೆ ಹೇಳಬಾರದಿತ್ತು ಅಂತ ಅವರ ಎದುರಿಗೇ ಹೇಳಿದಳಂತೆ. ನಮ್ಮವಳು "ಸರಿ" ಅಂದಳಂತೆ, ಅಷ್ಟೇ.

ವಿಜ್ಞಾನ ಪ್ರದರ್ಶನಕ್ಕೆ ಮಗಳು ಮಳೆನೀರು ಕೊಯ್ಲಿನ ಮಾದರಿ ಮಾಡುತ್ತಿದ್ದಾಳೆ. ಪೈಪು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿತ್ತು, ಭಾನುವಾರ ಬಾ ಅಂದಿದ್ದಾಳೆ. ಅವಳು ಬಂದಾಗ ನಾನು ಅವರ ಜೊತೆ ಕೂತಿರಲೋ, ಒಳಗಿರಲೋ?

ಹೊಸನಗರದ ಹತ್ತಿರದ ಹಳ್ಳಿಯಿಂದ

ಅಡುಗೆಮನೆಯಲ್ಲಿರು ತಂಗೀ, ಬಾಗಿಲು ತೆರೆದಿರಲಿ. ಇಬ್ಬರಿಗೂ ಏನಾದರೂ ಬಿಸಿಬಿಸಿ ಮಾಡಿಕೊಡು.